ಹುಬ್ಬಿನ ವೀಣೆಯೂ ಇನ್‌ಸ್ಪೆಕ್ಟರ್ ಸಾಹೇಬರೂ

2005ರಲ್ಲಿ ನಾನು ಮೈಸೂರಿನ ಹೆಬ್ಬಾಳದ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ‘ಮುಖ’ವಾಗಿದ್ದೆ. ನೇಮಕಾತಿ ಪತ್ರದಲ್ಲಿ ‘ಟೆಸ್ಟಿಂಗ್ ಅಸಿಸ್ಟೆಂಟ್’ ಎಂದಿತ್ತು. ಕೆಲಸ ಮಾತ್ರ ದಿನವಿಡೀ ಕ್ಯಾಮೆರಾದ ಮುಂದೆ ಹುಬ್ಬು ಕುಣಿಸುವುದು. ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡಿಕೊಂಡಿದ್ದ ಮಗನಿಗೆ ಮರ್ಯಾದೆಯ ಉದ್ಯೋಗ ಸಿಕ್ಕಿತೆಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಏನು ಉದ್ಯೋಗ ಎಂದು ಮಾತ್ರ ಹೇಳಿರಲಿಲ್ಲ.

ನಮ್ಮ ಎಂಜಿನಿಯರ್ ಸವಿತಾ ಬರೆದಿದ್ದ ‘ಫೇಸ್ ಟ್ರ್ಯಾಕಿಂಗ್’ ಪ್ರೋಗ್ರಾಂ ವೆಬ್‌ಕ್ಯಾಮಿನ ಚಿತ್ರದಲ್ಲಿ ಹುಬ್ಬು, ತುಟಿಗಳನ್ನು ಗುರುತಿಸಿ, ಅವುಗಳ ಚಲನೆಯನ್ನು ವೀಣೆಯ ಸ್ವರವಾಗಿಸುತ್ತಿತ್ತು. ಹುಬ್ಬು ಏರಿದಷ್ಟೂ ಸ್ವರ ಮೇಲಕ್ಕೆ. ತುಟಿಯ ಅಂಚು ಎಳೆದರೆ ಗಮಕ, ಅಂದರೆ ಸ್ವರದ ತೂಗಾಟ. ಸವಿತಾ ಅದನ್ನು ಬರೆದದ್ದು ತಮ್ಮ ವೀಣೆ ಟೀಚರ್ ಗಿರಿಜಮ್ಮನವರಿಗಾಗಿ. ಸ್ಕೂಟರ್ ಅಪಘಾತದ ನಂತರ ಅವರಿಗೆ ಕತ್ತಿನಿಂದ ಕೆಳಗೆ ಏನೂ ಆಡುತ್ತಿರಲಿಲ್ಲ.

ಲಕ್ಷ್ಮೀಪುರಂನ ಅವರ ಮನೆಗೆ ಹೋದ ದಿನ ಕೆಲಸ ಕೆಡಿಸಿದವನು ನಾನೇ. ಸವಿತಾ ವೈರು ಜೋಡಿಸುವಷ್ಟರಲ್ಲಿ, ಟೀಚರನ್ನು ನಗಿಸೋಣವೆಂದು ಬಾಯಲ್ಲೇ ವೀಣೆ ನುಡಿಸಿ ತೋರಿಸಿದೆ. ಅವರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಅವರ ಯಜಮಾನರು, ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರ್ ಚನ್ನಬಸಪ್ಪನವರು, ನಗಲಿಲ್ಲ.

ಆಮೇಲೆ ಕ್ಯಾಮೆರಾದ ಮುಂದೆ ಕೂತು ಹುಬ್ಬೇರಿಸಿದೆ. ಸ್ಪೀಕರಿನಿಂದ ವೀಣೆ ನುಡಿಯಿತು.

“ಇವನು ಬಾಯಲ್ಲೇ ಮಾಡ್ತಿದಾನೆ ಕಣಮ್ಮ ಸವಿತಾ,” ಅಂದರು ಇನ್‌ಸ್ಪೆಕ್ಟರು. “ಈಗ್ಲೇ ಕೇಳಿದ್ವಲ್ಲ.”

“ಇಲ್ಲ ಸಾರ್, ಅದು ಕಂಪ್ಯೂಟರು...”

“ಬೆರಳು ಆಡುತ್ತೆ ಅಂತ ಮ್ಯಾಗ್ನೆಟ್ ಬೆಲ್ಟು ಮಾರೋಕೆ ಬಂದವನೂ ಹಿಂಗೇ ಹಲ್ಲು ಕಿರೀತಿದ್ದ. ಇವಳು ತಿಂಗಳುಗಟ್ಟಲೆ ಬೆರಳು ನೋಡ್ಕೊಂಡು ಮಲಗಿದ್ಲು. ಇನ್ನೊಂದ್ಸಲ ಆಸೆ ಹುಟ್ಟಿಸ್ಬೇಡಿ. ಎತ್ಕೊಂಡು ಹೊರಡಿ.”

ಒಂದು ಲೋಟ ನೀರು ಕೇಳಿ, ಬಾಯಿ ತುಂಬ ಹಾಕಿಕೊಂಡು, ಕೆನ್ನೆ ಊದಿಸಿ ಮತ್ತೆ ಹುಬ್ಬೇರಿಸಿದೆ. ವೀಣೆ ನುಡಿಯಿತು.

“ಟೇಪು ಎಲ್ಲಿಟ್ಟಿದೀಯಾ?”

ಅವರು ಮೇಜಿನ ಕೆಳಗೆ ಬಗ್ಗಿ ನೋಡಿದರು. ಸ್ಪೀಕರ್ ಎತ್ತಿ ಅಲ್ಲಾಡಿಸಿದರು. ನನ್ನ ಜೇಬು ತಡವಿದರು. ಕೊನೆಗೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೂತು, ಆರೋಪಿಯನ್ನು ನೋಡುವಂತೆ ಕ್ಯಾಮೆರಾವನ್ನು ನೋಡಿ ಹುಬ್ಬು ಮೇಲೆತ್ತಿದರು.

ಟೊಂಯ್!

ತಿರುಗಿ, ಇನ್ನೂ ನೀರು ತುಂಬಿಕೊಂಡಿದ್ದ ನನ್ನ ಕೆನ್ನೆ ನೋಡಿದರು. ನಾನಲ್ಲವೆಂದು ತಲೆಯಾಡಿಸಿದೆ. ಪರೀಕ್ಷೆಗೆಂದು ಇನ್ನೂ ಮೇಲೆತ್ತಿದರು. ಸ್ವರವೂ ಮೇಲೇರಿತು. ನಾನು ನೀರು ನುಂಗಿಬಿಟ್ಟೆ.

“ರೀ, ಅದು ನೀವೇ ಕಣ್ರೀ,” ಅಂದರು ಗಿರಿಜಮ್ಮ.

ಇನ್‌ಸ್ಪೆಕ್ಟರು ಎದ್ದು, ಕ್ಯಾಮೆರಾವನ್ನು ತಾವೇ ಹೆಂಡತಿಯ ಮಂಚದ ಕಡೆ ತಿರುಗಿಸಿದರು.

ಗಿರಿಜಮ್ಮ ಹುಬ್ಬೇರಿಸಿದರು, ಇಳಿಸಿದರು. ತುಟಿಯ ಅಂಚು ಎಳೆದರು, ಸ್ವರ ತೂಗಿತು. ಕಣ್ಣು ಮುಚ್ಚಿಕೊಂಡರು. ಇನ್ನೇನು ಅಳುತ್ತಾರೆ ಎಂದುಕೊಂಡೆ.

“ಸವಿತಾ, ಗಾಂಧಾರ ಇಳಿದುಬಿಟ್ಟಿದೆ. ಯಾರೇ ನಿಂಗೆ ಶ್ರುತಿ ಹೇಳ್ಕೊಟ್ಟಿದ್ದು?”

“ನೀವೇ ಟೀಚರ್.”

“ಮತ್ತೆ ನನ್ನ ಮರ್ಯಾದೆ ಯಾಕೆ ತೆಗೀತೀಯಾ? ನಾಳೆ ಸರಿಮಾಡ್ಕೊಂಡು ಬಾ.”

ಇನ್‌ಸ್ಪೆಕ್ಟರು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ನಂಬಿಸುವುದೇ ನನ್ನ ಕಸುಬು ಎಂದು ಬೀಗುತ್ತಿದ್ದವನು ನಾನು. ಅನುಮಾನ ಪಡುವವರು ಹಿಂದೊಮ್ಮೆ ನಂಬಿದ್ದಕ್ಕೆ ಎಷ್ಟು ನೋವು ತಿಂದಿರುತ್ತಾರೆ ಎಂದು ಯೋಚಿಸಿರಲಿಲ್ಲ. ಆಮೇಲೆ ಈ ವೀಣೆ ತೋರಿಸಲು ಯಾವ ಮನೆಗೆ ಹೋದರೂ ಮೊದಲು ಮನೆಯವರನ್ನೇ ಕ್ಯಾಮೆರಾದ ಮುಂದೆ ಕೂರಿಸಿ, ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತಿದ್ದೆ. ಇಡೀ ಕೆಲಸದಲ್ಲಿ ನನಗೆ ಅತಿ ಕಷ್ಟವಾದದ್ದು ಈ ಸುಮ್ಮನೆ ನಿಲ್ಲುವುದೇ.