ತಪ್ಪಿದ ಮಂಗಳವಾರ

ಜಯಮಂಗಲಿ ಹೊಳೆ ಊರೊಳಗೆ ನುಗ್ಗಿದ ಬೆಳಗ್ಗೆ ವನಜಾಕ್ಷಿ ಮನೆಯಿಂದ ಹೊರಗೆ ತಂದದ್ದು ಮಗಳು ಪುಟ್ಟಿಯನ್ನು, ಊರವರು ಹೊಲಿಯಲು ಕೊಟ್ಟಿದ್ದ ರವಿಕೆಗಳ ಗಂಟನ್ನು. ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ದಾರದುಂಡೆಗಳ ಕೆಳಗೆ ಇಟ್ಟಿದ್ದ ಮಾತ್ರೆಗಳು ನೆನಪಾದದ್ದು ದಿಣ್ಣೆಯ ಮೇಲಿನ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಮೇಲೆ. ಅಷ್ಟರಲ್ಲಿ ಯಂತ್ರವೇ ನೀರಿನಡಿ ಇತ್ತು.

ಆ ಮಾತ್ರೆಗಳಿಗೆ ಅತ್ತೆಮನೆಯಲ್ಲಿ ಬಿ.ಪಿ. ಮಾತ್ರೆ ಎಂದು ಹೆಸರು.

ಪುಟ್ಟಿಯ ಬಾಣಂತನಕ್ಕೆ ತವರಾದ ಕೊಳಾಲದಲ್ಲಿದ್ದಾಗ ವನಜಾಕ್ಷಿಗೆ ನಿದ್ದೆ ಬಿಟ್ಟುಹೋಗಿತ್ತು. ಗೋಡೆಯಾಚೆ ಯಾರೋ ತನ್ನ ಹೆಸರು ಹಿಡಿದು ಮಾತಾಡುತ್ತಿದ್ದಾರೆ ಎನ್ನುತ್ತಿದ್ದಳು. ಅವರಿಗೆ ಸಿಗಬಾರದೆಂದು ಕೂಸನ್ನು ರಾಗಿ ಮೂಟೆಗಳ ಹಿಂದೆ ಬಚ್ಚಿಟ್ಟಿದ್ದಳು. ಅಮ್ಮ ಗೊರವನಹಳ್ಳಿ ದೇವಿಗೆ ಹರಕೆ ಹೊತ್ತಳು, ಅಪ್ಪ ತುಮಕೂರಿಗೆ ಕರೆದೊಯ್ದು ತೋರಿಸಿದ. ಯಾವುದರಿಂದ ಗುಣವಾಯಿತೆಂದು ಅವರಿಬ್ಬರ ಜಗಳ ಇನ್ನೂ ಮುಗಿದಿಲ್ಲ. ವನಜಾಕ್ಷಿ ಮಾತ್ರೆ ಬಿಡಲಿಲ್ಲ, ಅಷ್ಟೆ. ಮಧುಗಿರಿಯ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಿದ್ದದ್ದು ಮಂಗಳವಾರ. ತಿಂಗಳಿಗೊಮ್ಮೆ ಲೈನಿಂಗ್ ಬಟ್ಟೆ ತರುವ ನೆಪದಲ್ಲಿ ಬಸ್ಸು ಹತ್ತುತ್ತಿದ್ದಳು.

ಗೊತ್ತಿದ್ದದ್ದು ಗಂಡ ಲಕ್ಷ್ಮೀಪತಿಗೆ ಮಾತ್ರ. ಬಿ.ಪಿ. ಎಂದು ಹೆಸರಿಟ್ಟವನೂ ಅವನೇ. ಊರಿನಲ್ಲಿ ಒಬ್ಬ ಸೊಸೆಯನ್ನು ತಲೆ ಸರಿಯಿಲ್ಲವೆಂದು ತವರಿಗೆ ಕಳಿಸಿ ಮಗುವನ್ನು ಮಾತ್ರ ಉಳಿಸಿಕೊಂಡಿದ್ದರು. ಹಾಗೆ ತೀರ್ಮಾನಿಸಿದ ಪಂಚಾಯ್ತಿಯಲ್ಲಿ ಊರ ಹೆಂಗಸರ ಕಡೆಯಿಂದ ಕೂತವಳು ಅವನ ತಾಯಿ ಕೊಲ್ಲಾಪುರಮ್ಮ.

ಕೊಲ್ಲಾಪುರಮ್ಮನಿಗೆ ನಿಜವಾಗಿಯೂ ಬಿ.ಪಿ. ಇತ್ತು. ಎಲೆಅಡಿಕೆ ಸಂಚಿಯಲ್ಲೇ ಮಾತ್ರೆ ಇಟ್ಟುಕೊಳ್ಳುತ್ತಿದ್ದರಿಂದ ಅವು ಉಳಿದಿದ್ದವು. ಶಾಲೆಯಲ್ಲಿ ಮೊದಲ ಬೆಳಗ್ಗೆಯೇ ಒಂದನ್ನು ತೆಗೆದು ಸೊಸೆಯ ಅಂಗೈಗೆ ಹಾಕಿದಳು.

"ನಿಂದು ನೀರು ಪಾಲಾಯ್ತು, ನಂದೈತಲ್ಲ. ನುಂಗು ಕಣಮ್ಮ."

"ಬ್ಯಾಡ ಅತ್ತೆ, ನಿಮಗೇ ಸಾಲಲ್ಲ."

"ನಾನು ಕಲ್ಗುಂಡು ಇದ್ದಂಗಿವ್ನಿ. ಮಗೀನ್ ಎತ್ಕಂಡು ನೀನು ಬಿದ್ಬುಟ್ರೆ? ನುಂಗು. ನನ್ನ ಮುಂದೆ ನುಂಗು."

ಅವಳು ನುಂಗಿದಳು. ಮರುದಿನವೂ ನುಂಗಿದಳು. ನಿಂತರೆ ಕಣ್ಣು ಕತ್ತಲಿಡುತ್ತಿತ್ತು, ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಊರಿಗೆ ಊರೇ ಶಾಲೆಯ ಕೋಣೆಗಳಲ್ಲಿ ಕೆಮ್ಮುತ್ತಾ ಗೊಣಗುತ್ತಾ ಬಿದ್ದಿತ್ತು. ಆ ಗೊಣಗಾಟದ ಅಡಿಯಲ್ಲೆಲ್ಲೋ ತನ್ನ ಹೆಸರು ಕೇಳಿದಂತಾದಾಗ ಅವಳು ಮಗಳನ್ನು ಬಿಗಿಯಾಗಿ ತಬ್ಬಿಕೊಂಡಳು.

ಮತ್ತೆ ದನಿ ಕೇಳಿಸುತ್ತಿದೆಯೆಂದು ಕೈಕಾಲು ತೊಳೆಯುವ ನಲ್ಲಿಯ ಹತ್ತಿರ ಗಂಡನಿಗೆ ಹೇಳಿದಳು. ಅವನ ಮುಖ ಇಳಿದುಹೋಯಿತು.

"ಇನ್ನೆರಡು ದಿನ ತಡ್ಕೋ. ಸೇತುವೆ ಮ್ಯಾಲಿನ ನೀರು ಇಳೀತಿದ್ದಂಗೇ ನಾನೇ ಹೋಗಿ ತತ್ತೀನಿ. ಇಲ್ಲಿ ಮಾತ್ರ ಬಾಯಿ ಬುಡಬ್ಯಾಡ. ಇಡೀ ಊರು ಒಂದೇ ಸೂರಿನ ಕೆಳಗೈತೆ."

ಮಂಗಳವಾರ ಬಂತು, ಹೋಯಿತು. ನೀರು ಇಳಿಯಲಿಲ್ಲ.

ಮರುದಿನ ಮಧುಗಿರಿಯಿಂದ ಒಂದು ಟ್ರಾಕ್ಟರು ಬಳಸುದಾರಿ ಹಿಡಿದು ಬಂತು. ಅಕ್ಕಿ, ತರಕಾರಿಯ ಜೊತೆಗೆ ಒಬ್ಬ ನರ್ಸಮ್ಮ, ಆಪ್ತಸಮಾಲೋಚಕಿ ಶ್ರೀಲತಾ ಎಂಬ ಹುಡುಗಿ ಇಳಿದರು. ಶ್ರೀಲತಾ ಶಾಲೆಯ ಮೈಕು ಹಿಡಿದಳು.

"ಭಯ, ನಿದ್ದೆ ಬಾರದಿರೋದು, ಮಾನಸಿಕ ತೊಂದರೆ ಏನಾದರೂ ಇದ್ದರೆ ದಯವಿಟ್ಟು ಎದ್ದು ಈ ಕಡೆ ಬನ್ನಿ."

ಅಂಗಳದಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸಿದ್ದಗಂಗಯ್ಯ, ನಿನ್ನೇ ಕರೀತಾವ್ರೆ, ಹೋಗ್ಲಾ!"

"ನನ್ನಲ್ಲ ಕಣ್ಲಾ, ನಿನ್ನ ಮಾವನ್ನ. ನಿಂಗೆ ಹೆಣ್ಣು ಕೊಟ್ಟವ್ನೆ ಅಂದ್ಮೇಲೆ ಅವಂಗೇ ತಲೆ ಕೆಟ್ಟಿರಬೇಕು."

ಎಲ್ಲರೂ ನಕ್ಕರು. ಎಷ್ಟೋ ದಿನಕ್ಕೆ ನಕ್ಕ ನಗು ಅದು. ಏಳಲು ಮುಂದಕ್ಕೆ ಬಾಗಿದ್ದ ವನಜಾಕ್ಷಿ ಸೆರಗು ಸರಿಮಾಡಿಕೊಂಡಂತೆ ನಟಿಸಿ ಕೂತಳು. ಶ್ರೀಲತಾ ಮೈಕು ಕೆಳಗಿಟ್ಟು, ಕೆಂಪಾದ ಮುಖ ತಗ್ಗಿಸಿ, ನರ್ಸಮ್ಮನ ಮೇಜಿನ ಪಕ್ಕ ಹೋಗಿ ಕೂತಳು.

ಆಮೇಲಿನದು ವನಜಾಕ್ಷಿಗೆ ಸರಿಯಾಗಿ ನೆನಪಿಲ್ಲ. ತೊಡೆಗೆ ತಣ್ಣಗಾದಾಗ ಅವಳು ಶಾಲೆಯ ಹಿಂದೆ, ಮುರಿದ ಕಾಂಪೌಂಡಿನಾಚೆ ನೀರಿನಲ್ಲಿ ನಿಂತಿದ್ದಳು. ಸೊಂಟದ ಮೇಲೆ ಪುಟ್ಟಿ. ಎದುರಿಗೆ ಕೆಂಪು ನೀರು ಸುಳಿಸುಳಿಯಾಗಿ ಹರಿಯುತ್ತಿತ್ತು. ಅವರು ಬರುತ್ತಿದ್ದಾರೆ, ಮಗುವನ್ನು ಆಚೆ ದಡಕ್ಕೆ ದಾಟಿಸು ಎಂದು ಯಾರೋ ಕಿವಿಯಲ್ಲೇ ಹೇಳುತ್ತಿದ್ದರು.

"ಅಮ್ಮ, ಕಾಲು ವದ್ದೆ," ಎಂದಳು ಪುಟ್ಟಿ.

ಆ ಪುಟ್ಟ ಕಾಲು ನೀರಿಗೆ ತಾಗಿತ್ತು. ವನಜಾಕ್ಷಿ ತನ್ನ ಹೆಜ್ಜೆಗಳನ್ನು ಒಂದೊಂದಾಗಿ ಹಿಂದಕ್ಕೆ ಕಿತ್ತಿಟ್ಟಳು. ದಡದಲ್ಲಿ ಕೂತು ಆ ಕಾಲನ್ನು ಸೆರಗಿನಿಂದ ಒರೆಸಿದಳು. ಹೇಳಿದರೆ ಮಗಳನ್ನು ಕಿತ್ತುಕೊಳ್ಳುತ್ತಾರೆ. ಹೇಳದಿದ್ದರೆ ತಾನೇ ಮಗಳನ್ನು ನೀರಿಗೆ ಕೊಡುತ್ತೇನೆ. ಅವಳು ಎದ್ದು ನೇರ ಅಂಗಳಕ್ಕೆ ನಡೆದಳು.

ನರ್ಸಮ್ಮನ ಮುಂದಿನ ಸಾಲಿನಲ್ಲಿ ಅತ್ತೆ ಜಾಗ ಹಿಡಿದು ನಿಂತಿದ್ದಳು. "ಎಲ್ಲಿಗೋಗಿದ್ದೆ? ಬಾ, ನೀನೂ ತೋರಿಸ್ಕೋ. ಇವ್ಳೂ ಬಿ.ಪಿ. ಮಾತ್ರೆ ನುಂಗ್ತಾವ್ಳೆ ನರ್ಸಮ್ಮ."

ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಒತ್ತಿದಳು. ಮತ್ತೊಮ್ಮೆ ಒತ್ತಿದಳು. "ಇಷ್ಟೊಂದು ಕಮ್ಮಿ ಇದೆ! ಇವರಿಗೆ ಬಿ.ಪಿ. ಮಾತ್ರೆ ಕೊಟ್ಟೋರು ಯಾರು?"

"ನಾನೇ," ಎಂದಳು ಕೊಲ್ಲಾಪುರಮ್ಮ. "ಮೂರು ವರ್ಸದಿಂದ ತಗಂತಾವ್ಳೆ."

"ನಂದು ಬಿ.ಪಿ. ಮಾತ್ರೆ ಅಲ್ಲ ಅತ್ತೆ." ವನಜಾಕ್ಷಿ ತನ್ನ ದನಿ ತನಗೇ ಕೇಳುವಷ್ಟು ಜೋರಾಗಿ ಹೇಳಿದಳು. "ತಲೇದು. ಬಾಣಂತೀಲಿ ಬಂದಿತ್ತು. ಈಗ ಮತ್ತೆ ಬತ್ತಾ ಐತೆ. ಆಗಲೇ ನೀರಿನ ತಾವ ನಿಂತಿದ್ದೆ. ಪುಟ್ಟೀನ್ ಎತ್ಕಂಡು."

ಸಾಲಿನವರೆಲ್ಲ ಇತ್ತ ತಿರುಗಿದರು. ಕೊಲ್ಲಾಪುರಮ್ಮ ಸೊಸೆಯ ಸೊಂಟದಿಂದ ಮಗುವನ್ನು ತೆಗೆದುಕೊಂಡು ಎರಡು ಹೆಜ್ಜೆ ಹಿಂದೆ ನಿಂತಳು.

ಶ್ರೀಲತಾ ಎದ್ದು ಬಂದು ಮೆಲ್ಲನೆ ನಾಲ್ಕು ಮಾತು ಕೇಳಿದಳು, ಆಮೇಲೆ ಮಧುಗಿರಿಗೆ ಫೋನು ಮಾಡಿದಳು. ಆ ಮಾತ್ರೆ ಅವರ ಪೆಟ್ಟಿಗೆಯಲ್ಲಿರಲಿಲ್ಲ. ಮಂಗಳವಾರ ಅಲ್ಲದಿದ್ದರೂ ಡಾಕ್ಟರು ನೋಡುತ್ತಾರೆ, ಟ್ರಾಕ್ಟರು ಈಗಲೇ ಹೊರಡುತ್ತದೆ, ತಾನೂ ಜೊತೆಗೆ ಬರುತ್ತೇನೆ ಎಂದಳು. ಸುದ್ದಿ ಮುಟ್ಟಿ ಲಕ್ಷ್ಮೀಪತಿ ಓಡಿಬಂದ. ತಾಯಿಯ ಕಡೆ ನೋಡುವ ಧೈರ್ಯ ಅವನಿಗಿರಲಿಲ್ಲ.

"ಮಗೂನ ಕೊಡಿ ಅತ್ತೆ."

"ನೀನು ಹೋಗು."

"ಅತ್ತೆ..."

"ಹೋಗು ಅಂದ್ನಲ್ಲ."

ಪುಟ್ಟಿ ಅಳುವುದು ಟ್ರಾಕ್ಟರಿನ ಸದ್ದಿನಲ್ಲೂ ದಿಣ್ಣೆ ಇಳಿಯುವವರೆಗೆ ಕೇಳಿತು.

ಸಂಜೆ ಹಿಂದಿರುಗಿದಾಗ ಅವರ ಕೋಣೆಯಲ್ಲಿ ಅತ್ತೆಯ ಚಾಪೆ ಇರಲಿಲ್ಲ. ಮಗುವೂ ಇರಲಿಲ್ಲ. ವನಜಾಕ್ಷಿ ಮಾತ್ರೆಯ ಪೊಟ್ಟಣವನ್ನು ಹಿಡಿದುಕೊಂಡೇ ಕೋಣೆಯಿಂದ ಕೋಣೆಗೆ ಹುಡುಕಿದಳು. ಅಡುಗೆ ನಡೆಯುತ್ತಿದ್ದ ತಗಡಿನ ಶೀಟಿನ ಕೆಳಗೆ ಯಾರೋ ಕೇಳುತ್ತಿದ್ದರು: "ಅಲ್ಲಾ ಕೊಲ್ಲಾಪುರಮ್ಮ, ನಿನ್ನ ಸೊಸೆಗೆ ತಲೇದಂತೆ? ಮಾತ್ರೆ ತರಕ್ಕೆ ಹೋದ್ಲಂತೆ?"

"ಹೂಂ, ಹೋಗವ್ಳೆ. ನಿನ್ನ ಗಂಡ ಮಳೇಲೂ ಎಣ್ಣೆ ತರಕ್ಕೆ ಹೋಗಲ್ವಾ? ಸಾರು ಹಾಕು ಸುಮ್ಕೆ."

ಒಲೆಯ ಬೆಚ್ಚಗಿನ ಮೂಲೆಯಲ್ಲಿ ಅತ್ತೆಯ ಚಾಪೆ ಹಾಸಿತ್ತು. ತೊಡೆಯ ಮೇಲಿನ ಪುಟ್ಟಿಯ ಬಾಯಿಗೆ ಆಕೆ ಮುದ್ದೆ ಇಡುತ್ತಿದ್ದಳು. ವನಜಾಕ್ಷಿ ಎದುರಿಗೆ ನಿಂತಳು.

"ಮೂರು ವರ್ಸ," ಎಂದಳು ಕೊಲ್ಲಾಪುರಮ್ಮ ತಲೆಯೆತ್ತದೆ. "ನನ್ನ ಹತ್ರ ಒಂದು ಮಾತು ಯೋಳಕ್ಕಾಗಲಿಲ್ವಾ?"

"ಆ ಪಂಚಾಯ್ತೀಲಿ ನೀವೂ ಕೂತಿದ್ರಿ."

ಮುದ್ದೆ ಮುರಿಯುತ್ತಿದ್ದ ಕೈ ತಟ್ಟೆಯಲ್ಲೇ ನಿಂತಿತು. ಆಕೆ ಚಾಪೆಯ ತುದಿಗೆ ಸರಿದು ಜಾಗ ಬಿಟ್ಟಳು. ತಟ್ಟೆಯನ್ನು ಸೊಸೆಯ ಕಡೆ ತಳ್ಳಿದಳು.

"ಇದು ಊಟಕ್ಕೆ ಮುಂಚೆ ನುಂಗೋದೋ, ಆಮೇಲೋ?"

"ಆಮೇಲೆ," ಎಂದು ವನಜಾಕ್ಷಿ ಕೂತಳು.