ಕುಕ್ಕರ್ ಗುರುತಿನ ಮಿಕ್ಕ ಕರಪತ್ರಗಳು

ನಮ್ಮ ಮನೆಯಲ್ಲಿ ಎಲ್ಲಿ ನೋಡಿದರೂ ನಾನೇ ಕೈಮುಗಿದು ನಿಂತಿದ್ದೇನೆ. ಅಡುಗೆಮನೆಯ ಶೆಲ್ಫಿಗೆ ಹಾಸಿದ ಕಾಗದದಲ್ಲಿ ನಾನು, ಅಕ್ಕಿ ಡಬ್ಬದ ಕೆಳಗೆ ನಾನು, ಸಾಮಾನಿನ ಚೀಟಿ ತಿರುವಿದರೆ ಅಲ್ಲೂ ನಾನು. ವಿಧಾನಸಭೆಗೆ ಪಕ್ಷೇತರನಾಗಿ ನಿಂತು ಸೋತವನ ಮನೆಯಲ್ಲಿ ಕರಪತ್ರಕ್ಕೆ ಬರವಿರುವುದಿಲ್ಲ. ಒಂಟಿ ಮನುಷ್ಯನಿಗೆ ಇಷ್ಟೊಂದು ಜನ ಜೊತೆಗಿದ್ದಾರೆ. ಎಲ್ಲರೂ ನಾನೇ ಎಂಬುದೊಂದೇ ಕೊರತೆ.

ರಾಜ್ಯಪಾಲರಾಗುವವರಿಗೆ ಈ ಪಾಡಿಲ್ಲ, ಅವರು ಬೀದಿ ಸುತ್ತಿ ಮತ ಕೇಳಬೇಕಾಗಿಲ್ಲ. ಹಿಂದಿನ ಕಾಲದಲ್ಲಿ ಕೆಲವು ಊರುಗಳಲ್ಲಿ ಓಲೆಗರಿಯ ಮೇಲೆ ಹೆಸರು ಬರೆದು ಗಡಿಗೆಗೆ ಹಾಕಿ, ಅದರಿಂದ ಎತ್ತಿ ಆರಿಸುತ್ತಿದ್ದರಂತೆ. ಸೋತವನಿಗೆ ಉಳಿಯುತ್ತಿದ್ದದ್ದು ಒಂದು ಗರಿ. ನನಗೆ ಉಳಿದದ್ದು ಕಟ್ಟುಗಟ್ಟಲೆ. ಹೈಸ್ಕೂಲ್ ಮೇಷ್ಟ್ರಾಗಿದ್ದವನು ನಾನು, ಪುಸ್ತಕದ ಗುರುತು ಕೇಳಿದ್ದೆ. ಕೊಟ್ಟದ್ದು ಕುಕ್ಕರ್. ಎಷ್ಟು ವಿಷಲ್ಲಿಗೆ ಒಲೆ ಆರಿಸಬೇಕೆಂದು ಇಂದಿಗೂ ತಿಳಿಯದವನಿಗೆ! ಆ ಲೆಕ್ಕವೆಲ್ಲ ನನ್ನ ಹೆಂಡತಿ ಸರೋಜಳದು. ಚುನಾವಣೆಗೆ ಎರಡು ವರ್ಷ ಮೊದಲೇ ಅವಳು ತೀರಿಕೊಂಡಳು.

ಯಾಕೆ ನಿಂತಿರಿ ಎಂದು ಬಸವೇಶ್ವರನಗರದ ಜನ ಈಗಲೂ ಕೇಳುತ್ತಾರೆ. ಚರಂಡಿ, ಪಾರ್ಕು, ಫುಟ್‌ಪಾತು ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದ್ದೆ, ಅದೇನೂ ಸುಳ್ಳಲ್ಲ. ನಿಜವಾದ ಕಾರಣವನ್ನು ನಿಮಗೊಬ್ಬರಿಗೇ ಹೇಳುತ್ತೇನೆ. ಸುಮ್ಮಸುಮ್ಮನೆ ಹೋಗಿ ಯಾರದೋ ಮನೆಯ ಬೆಲ್ ಒತ್ತಿದರೆ ಹುಚ್ಚ ಎನ್ನುತ್ತಾರೆ. ಅಭ್ಯರ್ಥಿಯಾದರೆ ಯಾರ ಮನೆಯದನ್ನೂ ಒತ್ತಬಹುದು. ದಿನವೂ ಒತ್ತಿದೆ. ಮಜ್ಜಿಗೆ ಕೊಟ್ಟರು, ನನ್ನ ಮಂಡಿನೋವಿಗೆ ಎಣ್ಣೆ ಹೇಳಿದರು, ಒಬ್ಬಾಕೆ ಸೊಸೆಯ ಮೇಲೆ ದೂರು ಹೇಳಿ ಅತ್ತೂಬಿಟ್ಟರು. ಮತ ಎಣಿಕೆಯ ಮರುದಿನ ಮನೆ ಮತ್ತೆ ಬಿಕೋ ಎಂದಿತು. ಸೋತದ್ದಕ್ಕಲ್ಲ, ಬೆಲ್ ಒತ್ತುವ ಹಕ್ಕು ಹೋಯಿತಲ್ಲ ಎಂದು ನನಗೆ ಅಳು ಬಂತು.

ಕಳೆದ ವಾರ ನಮ್ಮ ಮನೆಯ ಬೆಲ್ಲೇ ಆಯಿತು. ಮತದಾರರ ಪಟ್ಟಿ ತಿದ್ದಲು ಬಂದ ಅಂಗನವಾಡಿ ಟೀಚರ್.

"ಸಾರ್, ನಿಮ್ಮನೇಲಿ ಎಷ್ಟು ವೋಟು?"

"ಎರಡು" ಎಂದೆ. ಬಾಯಿ ತಪ್ಪಿ ಬಂದದ್ದಲ್ಲ. ಪಟ್ಟಿಯಲ್ಲಿ ಸರೋಜಳ ಹೆಸರು ಇನ್ನೂ ಇತ್ತು. ತೆಗೆಸಲು ನನಗೆ ಮನಸ್ಸು ಬಂದಿರಲಿಲ್ಲ. ಚುನಾವಣೆಯ ಹೊತ್ತಿಗೆ ನಾನು ಆ ಪಟ್ಟಿಯನ್ನೇ ನೋಡಿ ಮನೆಮನೆಗೆ ಹಂಚುವ ವೋಟರ್ ಚೀಟಿ ಅಚ್ಚು ಹಾಕಿಸಿದ್ದರಿಂದ ಅವಳ ಹೆಸರಿನದೂ ಬಂದಿತ್ತು. ಒಂದು ಬದಿಯಲ್ಲಿ ಅವಳ ಹೆಸರು, ಕ್ರಮಸಂಖ್ಯೆ. ಇನ್ನೊಂದು ಬದಿಯಲ್ಲಿ ಹಲ್ಲು ಕಿರಿದ ನಾನು, ಕೆಳಗೆ 'ನಿಮ್ಮ ಮನೆಮಗನಿಗೆ ಮತ ನೀಡಿ'. ಕಟ್ಟಿಕೊಂಡ ಹೆಂಡತಿಗೆ ಮನೆಮಗ! ಅವಳಿದ್ದಿದ್ದರೆ ವಾರವಿಡೀ ನಗುತ್ತಿದ್ದಳು. ಆ ಚೀಟಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿಟ್ಟಿದ್ದೇನೆ.

ಟೀಚರ್ ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ನೋಡಿದರು. ಹೆಸರು ತೆಗೆಸುವ ಫಾರಂ ಮುಂದಿಟ್ಟರು. ಕಾರಣಕ್ಕೆ ಚೌಕಗಳಿದ್ದವು. ನಾನು 'ಸ್ಥಳಾಂತರ'ಕ್ಕೆ ಗುರುತು ಹಾಕಿದೆ.

"ಹಂಗಾದ್ರೆ ಹೊಸ ಅಡ್ರೆಸ್ ಬರೀಬೇಕಾಗುತ್ತೆ ಸಾರ್" ಎಂದರು ಮೆಲ್ಲಗೆ.

ಆ ಗುರುತನ್ನು ಹೊಡೆದುಹಾಕಿ, 'ಮರಣ'ಕ್ಕೆ ಗುರುತು ಹಾಕಿ ಸಹಿ ಮಾಡಿದೆ. ಮಕ್ಕಳ ಉತ್ತರಪತ್ರಿಕೆಯಲ್ಲಿ ಚಿತ್ತು ಕಂಡರೆ ರೇಗುತ್ತಿದ್ದವನು ನಾನು.

ಏಳುವಾಗ ಆಕೆ ಹೇಳಿದರು: "ನೀವು ಕುಕ್ಕರ್ ಸಾರ್ ಅಲ್ವಾ? ನಮ್ಮನೇಗೂ ಬಂದಿದ್ರಿ. ನಾನು ನಿಮ್ಗೆ ಹಾಕ್ಲಿಲ್ಲ ಸಾರ್, ಬೇಜಾರ್ ಮಾಡ್ಕೋಬೇಡಿ."

"ಬಾಗಿಲು ತೆಗೆದಿದ್ರಲ್ಲಮ್ಮಾ, ಅಷ್ಟು ಸಾಕು" ಎಂದೆ. ಕಾಫಿ ಮಾಡುತ್ತೇನೆಂದರೆ ಒಪ್ಪಲಿಲ್ಲ. ಇನ್ನೂ ಅರ್ಧ ಬೀದಿ ಇದೆ, ಬಾಡಿಗೆಯವರು ಯಾವ ಹೊತ್ತಿಗೆ ಸಿಗುತ್ತಾರೋ ಗೊತ್ತಾಗುವುದಿಲ್ಲ ಎಂದು ಗೊಣಗಿದರು. ನನಗೆ ಗೊತ್ತಿತ್ತು. ಚುನಾವಣೆಯಿಂದ ಗಳಿಸಿದ ವಿದ್ಯೆ ಅದೊಂದೇ.

"ನಡೀರಿ, ನಾನೂ ಬರ್ತೀನಿ" ಎಂದು ಚಪ್ಪಲಿ ಮೆಟ್ಟಿದೆ.

ಪಕ್ಕದ ಮನೆಯ ಬೆಲ್ಲಿನ ಮೇಲೆ ಟೀಚರ್ ಬೆರಳಿಗಿಂತ ಮೊದಲು ನನ್ನ ಬೆರಳು ಬಿತ್ತು. ಬಾಗಿಲು ತೆಗೆದ ಆಕೆ ನನ್ನನ್ನು ನೋಡಿ ಗಾಬರಿಯಾದರು. "ಅಯ್ಯೋ, ಮತ್ತೆ ನಿಂತ್ರಾ ಸಾರ್?"

"ಇಲ್ಲಮ್ಮಾ" ಎಂದೆ. "ಸುಮ್ನೆ ಬಂದೆ."