ರಾಣಿವಾಸದ ಮೇಲೊಂದು ಟವೆಲು

ಚಾಮರಾಜನಗರದ ನಿಲ್ದಾಣದಲ್ಲಿ ಗುಂಡ್ಲುಪೇಟೆಯ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅದರ ಕಿಟಕಿಗಳೊಳಕ್ಕೆ ಟವೆಲುಗಳು ಹಾರಿ ಬೀಳುತ್ತವೆ. ಟವೆಲು ಇಲ್ಲದವರು ಚೀಲ ಎಸೆಯುತ್ತಾರೆ, ಚೀಲ ಇಲ್ಲದವರು ಛತ್ರಿ. ಹಾಗೆ ಬಿದ್ದದ್ದನ್ನು ಯಾರೂ ಸರಿಸುವುದಿಲ್ಲ. ಒಡೆಯ ಬಂದು ಕೂರುವವರೆಗೆ ಆ ಸೀಟಿನ ಮೇಲೆ ಟವೆಲಿನದೇ ಆಳ್ವಿಕೆ. ರಾಜ್ಯಗಳು ಹೇಗೆ ಸ್ಥಾಪನೆಯಾಗುತ್ತವೆಂದು ವಿಶ್ವವಿದ್ಯಾಲಯದಲ್ಲಿ ಓದಿ, ಪದಕವನ್ನೂ ಪಡೆದಿರುವ ನನಗೆ ಈ ವಿದ್ಯೆ ಮಾತ್ರ ಕೈಗೂಡಲಿಲ್ಲ. ಹರದನಹಳ್ಳಿಯಿಂದ ಅಪ್ಪನ ಸ್ಕೂಟರಿನಲ್ಲಿ ಎಲ್ಲರಿಗಿಂತ ಮೊದಲೇ ಬಂದು, ಕರವಸ್ತ್ರ ಎಸೆಯಲು ಸಂಕೋಚಪಟ್ಟು, ತೆರಕಣಾಂಬಿಯವರೆಗೂ ಕಂಬಿ ಹಿಡಿದು ನಿಂತೇ ಹೋಗುತ್ತಿದ್ದೆ.

ಆಗ ನನ್ನ ಕೆಲಸವಿದ್ದದ್ದು ತೆರಕಣಾಂಬಿಯ ಆಚೆಗಿನ ಒಂದು ಗುಡ್ಡದ ಮೇಲೆ. ಸುತ್ತಲಿನವರು ಅದನ್ನು ಅರಮನೆ ಗುಡ್ಡ ಎನ್ನುತ್ತಿದ್ದರು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಕೋಟೆಗೋಡೆ, ಬಂಡೆಯಲ್ಲಿ ಕೊರೆದ ಕೊಳ, ಅರ್ಧ ಕುಸಿದ ಬುರುಜು, ನಡುವೆ ಒಂದು ಕಾಲಕ್ಕೆ ಕಟ್ಟಡ ಹೊತ್ತಿದ್ದ ಇಟ್ಟಿಗೆಯ ಎತ್ತರದ ಜಗತಿ, ಉಳಿದದ್ದೆಲ್ಲ ಲಂಟಾನ. ಕಟ್ಟಿಸಿದವನು ಒಬ್ಬ ಪಾಳೆಯಗಾರ ಎಂದು ಊರು ಹೇಳುತ್ತಿತ್ತು. ಶಾಸನವೊಂದೂ ಸಿಗದ ಕಾರಣ ಇತಿಹಾಸ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಉತ್ಖನನದ ಮುಖ್ಯಸ್ಥರಾದ ನಮ್ಮ ಪ್ರೊಫೆಸರಿಗೆ ಮಾತ್ರ ಜಗತಿಯ ದಕ್ಷಿಣಕ್ಕೆ ರಾಣಿವಾಸವಿತ್ತು ಎಂಬುದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಅವರ ಸಹಾಯಕಿಯಾಗಿ ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿ ಉದುರಿಸಿ ನೆಲವನ್ನು ಸಮನಾದ ಚೌಕಗಳಾಗಿ ಭಾಗಿಸುವುದು ನನ್ನ ಹೊಣೆ. ಹಾಗೆ ಮಾಡದೆ ಅಗೆದರೆ ಯಾವ ವಸ್ತು ಎಲ್ಲಿ ಸಿಕ್ಕಿತೆಂದು ಆಮೇಲೆ ಹೇಳಲಾಗದು. ನನಗೆ ನೇರ ಗೆರೆಗಳೆಂದರೆ ಪ್ರೀತಿ. ಗೆರೆ ಎಳೆದು ಮುಗಿಸಿದ ಸಂಜೆ ಗುಡ್ಡದ ನೆತ್ತಿಯನ್ನು ತುಂಬಿದ್ದ ಬಿಳಿಯ ಚೌಕಗಳನ್ನು ನೋಡಿ ಬಹಳ ಹೆಮ್ಮೆಯಾಯಿತು. ಯಾರಿಗೂ ಹೇಳಿಕೊಳ್ಳಲಿಲ್ಲ.

ನಾನು ಯೋಚಿಸದೇ ಹೋದದ್ದು ಒಂದೇ. ಗೂಟ, ದಾರ, ಸುಣ್ಣ ಈ ಮೂರೂ ಒಟ್ಟಿಗೆ ಕಂಡರೆ ನಮ್ಮ ಕಡೆಯವರಿಗೆ ಅದು ಪುರಾತತ್ವವಲ್ಲ, ಸೈಟು. ಮನೆಯಿಲ್ಲದವರಿಗೆ ನಿವೇಶನ ಹಂಚುವ ಮೊದಲು ಸರ್ಕಾರ ಊರಾಚೆ ಹೀಗೆಯೇ ಗೆರೆ ಎಳೆಯುತ್ತದೆ.

ಇದನ್ನು ಮೊದಲು ಕಂಡುಹಿಡಿದವರು ಮಾದಪ್ಪನವರು. ಮೊಬೈಲು ಹೊಸತಾಗಿ ಬಂದಿದ್ದ ವರ್ಷಗಳವು. ಊರಿನೊಳಗೆ ಸಿಗ್ನಲ್ ಇಲ್ಲ, ಬುರುಜಿನ ಮೇಲೆ ಧಾರಾಳ. ಈರುಳ್ಳಿ ಬೆಳೆಯುವ ಮಾದಪ್ಪನವರು ಹಣೆ ತುಂಬ ವಿಭೂತಿ ಧರಿಸಿ, ಕೇರಳದ ವ್ಯಾಪಾರಿಯೊಡನೆ ಮಾತಾಡಲೆಂದು ದಿನವೂ ಬುರುಜು ಹತ್ತುತ್ತಿದ್ದರು. ಅಂದು ಮಾತು ಮುಗಿಸಿ ಕೆಳಗೆ ನೋಡಿದವರು, ಈರುಳ್ಳಿಯನ್ನು ಮರೆತು ಊರಿನ ಅಂಗಡಿಯ ಲ್ಯಾಂಡ್‌ಲೈನಿಗೆ ಫೋನು ಮಾಡಿದರು. ಶತ್ರು ಕಂಡೊಡನೆ ಸುದ್ದಿ ಮುಟ್ಟಿಸಲೆಂದು ಕಟ್ಟಿದ್ದ ಬುರುಜು ಶತಮಾನಗಳ ಬಿಡುವಿನ ನಂತರ ಮತ್ತೆ ಕರ್ತವ್ಯಕ್ಕೆ ಹಾಜರಾಯಿತು.

ಮರುದಿನ ಬೆಳಿಗ್ಗೆ ಗುಡ್ಡ ಹತ್ತಿದಾಗ ನನ್ನ ಚೌಕಗಳಲ್ಲೆಲ್ಲ ಟವೆಲುಗಳು. ಗಾಳಿಗೆ ಹಾರದಂತೆ ಮೂಲೆಗೊಂದು ಕಲ್ಲು. ಕೆಲವರು ಗೋಣಿಚೀಲ ಹಾಸಿದ್ದರು, ಒಬ್ಬರು ನುಗ್ಗೆಯ ಕೊಂಬೆ ನೆಟ್ಟು ನೀರೂ ಹಾಕಿದ್ದರು, ಇನ್ನೊಬ್ಬರು ಆಗಲೇ ಊದಿನಕಡ್ಡಿ ಹಚ್ಚಿಟ್ಟಿದ್ದರು. ಬಸ್ ಸ್ಟಾಪು ಎಲ್ಲಿ ಬರಬೇಕೆಂದು ವಾದ ನಡೆದಿತ್ತು. ಪಾಳೆಯಗಾರನ ಕೊಳಕ್ಕೆ ಮೋಟರು ಕೂರಿಸುವುದು ಅವಿರೋಧವಾಗಿ ತೀರ್ಮಾನವಾಗಿತ್ತು. ಮಾದಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಕೇಳಿದರು:

"ಮೇಡಮ್ಮೋರೆ, ನಮ್ದು ಕಾರ್ನರ್ ಸೈಟ್ ತಾನೆ? ಈಶಾನ್ಯ ವಸಿ ಮೊಂಡಾಗದೆ. ಗೂಟನ ಒಂಚೂರು ಆಕಡೀಕ್ ಜರುಗ್ಸ್‌ಬುಡಿ."

ನಿಮಗೆ ತೊಟ್ಟಿಮನೆಯೇ ಇದೆಯಲ್ಲ ಎಂದೆ. ಇದು ಮಗನಿಗೆ ಎಂದರು. ಇವು ಸೈಟುಗಳಲ್ಲ, ಇಲ್ಲಿ ಅರಮನೆ ಹುಡುಕುತ್ತಿದ್ದೇವೆ ಎಂದು ನಾನು ಎಷ್ಟು ಸ್ಪಷ್ಟವಾಗಿ ಹೇಳಿದೆನೋ ಅವರ ನಗು ಅಷ್ಟೇ ಅಗಲವಾಯಿತು. ಹೊರಗಿನವರು ನುಗ್ಗದಿರಲಿ ಎಂದು ಸರ್ಕಾರ ಹಂಚುವ ದಿನದವರೆಗೂ ಹೀಗೆಯೇ ಹೇಳಿಸುತ್ತದಂತೆ. ಪ್ರೊಫೆಸರು ಬಂದು ಕೂಗಾಡಿದರು. ಇಷ್ಟು ದೊಡ್ಡ ಸಾಹೇಬರೇ ಬಂದಿದ್ದಾರೆಂದ ಮೇಲೆ ಇಂದೇ ಹಂಚಿಕೆ ಎಂಬ ಸುದ್ದಿ ಹಬ್ಬಿ ಇನ್ನಷ್ಟು ಜನ ಹತ್ತಿ ಬಂದರು. ನಿರಾಕರಣೆಯೇ ಪುರಾವೆಯಾಗುವ ಇಂಥ ಸನ್ನಿವೇಶಕ್ಕೆ ನನ್ನ ಸಂಶೋಧನಾ ತರಬೇತಿಯಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಪಂಚಾಯಿತಿಯವರೇ ಏದುಸಿರು ಬಿಡುತ್ತ ಬಂದು ತಿಳಿಹೇಳಿದ ಮೇಲೆ ಜನ ಒಲ್ಲದ ಮನಸ್ಸಿನಿಂದ ಕರಗಿದರು. ಮಾದಪ್ಪನವರು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಈಶಾನ್ಯ ನೆಟ್ಟಗಿಲ್ಲದ ಜಾಗ ತಮಗೂ ಬೇಕಿರಲಿಲ್ಲ ಎಂದರು.

ಒಂದು ಚೌಕ ಮಾತ್ರ ತೆರವಾಗಲಿಲ್ಲ. ಪಟ್ಟೆಪಟ್ಟೆಯ ಹಾಸಿಗೆ ಬಟ್ಟೆ ಹಾಸಿ ಅದರ ಮೇಲೆ ಖೈರುನ್ನೀಸಾ ಎಂಬ ಹೆಂಗಸು ಕುಳಿತಿದ್ದರು. ಊರವರ ಬಾಯಲ್ಲಿ ಖೈರಮ್ಮ. ಗಂಡ ಹೆಂಡತಿ ಇಬ್ಬರೂ ಹತ್ತಿ ಹಿಂಜಿ ಹಾಸಿಗೆ ಮಾಡುವವರು. ಪ್ರೊಫೆಸರ ಲೆಕ್ಕದಲ್ಲಿ ರಾಣಿವಾಸವಿದ್ದದ್ದು ಸರಿಯಾಗಿ ಅವರ ಕೆಳಗೆ, ನಮಗೆ ಅಗೆಯಲು ಅನುಮತಿಯಿದ್ದದ್ದು ಆ ವಾರದವರೆಗೆ. ಇದು ಸೈಟಲ್ಲವೆಂದು ಆಕೆಗೂ ಅರ್ಥವಾಗಿತ್ತು. ಆದರೆ ಬಾಡಿಗೆ ಮನೆಯ ಮಾಲೀಕರು ಖಾಲಿ ಮಾಡಿ ಎಂದಿದ್ದರು, ಬೇರೆ ಯಾರೂ ಕೊಡಲು ಸಿದ್ಧರಿರಲಿಲ್ಲ.

"ಅತ್ತಿ ಇಂಜೋರ್ಗೆ ಮನೆ ಕೊಡೋರ್ ಯಾರು ಏಳವ್ವ? ಪಕ್ಕದ್ಮನೆ ಸಾರ್ಗೆ ದೂಳ್ ಬಂದ್ ಬೀಳ್ತದಂತೆ. ಇಲ್ಲಾದ್ರೆ ಪಕ್ಕದ್ಮನೇನೆ ಇಲ್ಲ."

ಆಗ ಆಕೆಯೇ ಒಂದು ಒಪ್ಪಂದ ಮುಂದಿಟ್ಟರು.

"ನೀವ್ ಅಗೀರಿ. ನಾನ್ ಅಂಚ್ನಲ್ ಕೂತಿರ್ತೀನಿ. ರಾಣಿ ಮನೆ ಸಿಕ್ರೆ ಎದ್ದೋಯ್ತೀನಿ, ರಾಣೀನ ಎಬ್ಬಿಸ್ಬುಟ್ಟು ಕೂತ್ಕಳೋಳಲ್ಲ ನಾನು. ಸಿಗ್ನಿಲ್ಲ ಅಂದ್ರೆ ನನ್ಗ್ ಬುಟ್‌ಬುಡಿ."

ರಾಣಿಯ ವಿಷಯದಲ್ಲಿ ಖಾತರಿಯಿದ್ದ ಪ್ರೊಫೆಸರು ನಗುತ್ತ ಒಪ್ಪಿಕೊಂಡರು. ನನಗೆ ನಗು ಬರಲಿಲ್ಲ. ಏನು ಸಿಕ್ಕರೂ ಆ ನೆಲ ನಾವು ಕೊಡಬಹುದಾದದ್ದಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ಗುಂಡಿ ಆಳವಾಗುತ್ತ ಹೋದಂತೆ ನಾನು ಯಾವ ಪಕ್ಷದವಳೆಂಬುದು ನನಗೇ ತಿಳಿಯದಾಯಿತು. ಅರಮನೆಯೊಂದು ಸಿಗದಿರಲಿ ಎಂದು ಹಾರೈಸಿದ ಪುರಾತತ್ವ ವಿದ್ಯಾರ್ಥಿನಿ ಬಹುಶಃ ನಾನೊಬ್ಬಳೇ.

ಸಿಕ್ಕಿತು. ಜಗತಿಗೆ ಹೊಂದಿಕೊಂಡು ದಪ್ಪನೆಯ ಇಟ್ಟಿಗೆ ಗೋಡೆ, ನುಣುಪಾದ ಗಾರೆಯ ನೆಲ, ಬಣ್ಣದ ಗುರುತು ಉಳಿದ ಒಂದು ಮೂಲೆ. ಪ್ರೊಫೆಸರು ಕೂಲಿಯವರಿಗೆಲ್ಲ ಟೀ ತರಿಸಿದರು. ಆದರೆ ಗೋಡೆಯ ಒಳಮಗ್ಗುಲನ್ನು ಕುಂಚದಿಂದ ಬಿಡಿಸುತ್ತ ಹೋದಂತೆ, ಆ ಗಾರೆಯ ನೆಲದ ಮೇಲೆಯೇ ಮಣ್ಣಿನ ಮೋಟುಗೋಡೆಗಳು ಕಾಣಿಸಿದವು. ಯಾರೋ ಅಂತಃಪುರವನ್ನು ಪುಟ್ಟಪುಟ್ಟ ಕೋಣೆಗಳಾಗಿ ಹಂಚಿಕೊಂಡಿದ್ದರು. ಕೋಣೆಗೊಂದು ಒಲೆ, ಸುತ್ತ ಕಪ್ಪು ಬೂದಿ, ಒಡೆದ ಮಡಕೆ. ರಾಣಿಯ ಛಾವಣಿಯ ಹೆಂಚನ್ನೇ ಒಲೆಯ ಕೆಳಗೆ ಹಾಸಿದ್ದರಿಂದ ಇವರು ಅರಮನೆ ಬಿದ್ದ ಮೇಲೆ ಬಂದವರೆಂಬುದು ಖಚಿತ. ಇಂಥ ಪದರಕ್ಕೆ ನಮ್ಮ ಪುಸ್ತಕಗಳಲ್ಲಿ ಒಂದು ಹೆಸರಿದೆ. ಪ್ರೊಫೆಸರು ಟೀ ಕುಡಿಯುತ್ತಲೇ ಅದನ್ನು ಹೇಳಿದರು: ಅತಿಕ್ರಮಣ ಹಂತ.

ಖೈರಮ್ಮ ಅಂಚಿನಿಂದ ಬಗ್ಗಿ ನೋಡಿ, ಅಷ್ಟು ದೊಡ್ಡ ರಾಣಿಗೆ ಅಷ್ಟು ಚಿಕ್ಕ ಒಲೆಯೇ ಎಂದು ಕೇಳಿದರು. ನಾನು ವಿವರಿಸಿದೆ. ಅವರು ಒಲೆಗಳನ್ನು ಒಂದೊಂದಾಗಿ ನೋಡಿ ಕೇಳಿದರು:

"ಇವ್ರ್‌ನ ಯಾರೂ ಎಬ್ಬಿಸ್ನಿಲ್ವಾ?"

ನಾನು ಮತ್ತೊಮ್ಮೆ ಮಣ್ಣನ್ನು ನೋಡಿದೆ. ಸುಟ್ಟ ಗುರುತಿರಲಿಲ್ಲ, ಕೆಡವಿದ ಗುರುತಿರಲಿಲ್ಲ. ಬೂದಿಯ ಮೇಲೆ ಬೂದಿ ಕೂತು ಒಲೆಗಳ ಸುತ್ತ ನೆಲ ಎತ್ತರವಾಗಿತ್ತು. ಇಲ್ಲ, ಬಹಳ ಕಾಲ ಇದ್ದರು ಎಂದೆ.

ಅವರು ಎದ್ದು, ಮೂಲೆಯ ಕಲ್ಲುಗಳನ್ನು ಸರಿಸಿ, ಹಾಸಿಗೆ ಬಟ್ಟೆಯ ಮಣ್ಣು ಕೊಡವಿ ಮಡಚಿಕೊಂಡರು. ರಾಣಿಯ ಮನೆ ಸಿಕ್ಕಿದೆಯಲ್ಲ, ಮಾತೆಂದರೆ ಮಾತು ಎಂದರು.

"ವಸಿ ತಡವಾಗ್ ಬಂದ್ಬುಟ್ಟೆ ಕಣಮ್ಮಿ. ಅಷ್ಟೇಯ."

ಗುಡ್ಡ ಇಳಿದು ಹೋದ ಅವರಿಗೆ ಮನೆ ಸಿಕ್ಕಿತೋ ಇಲ್ಲವೋ ನನಗೆ ತಿಳಿಯದು. ಎರಡು ಬಾರಿ ಊರೊಳಗೆ ಹೋಗಿ ವಿಚಾರಿಸಿದೆ. ಗುಂಡ್ಲುಪೇಟೆಯ ಕಡೆ ಹೋದರೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು. ವಾರದ ಕೊನೆಗೆ ಗುಂಡಿಗಳನ್ನು ಮುಚ್ಚಿದೆವು. ನಾನು ನಕ್ಷೆ ಬರೆದು, ಒಲೆಗಳನ್ನು ಒಂದೊಂದಾಗಿ ಅವುಗಳ ಜಾಗದಲ್ಲಿ ಗುರುತಿಸಿ, ಆ ಪದರದ ಪಕ್ಕದಲ್ಲಿ 'ಮನೆಗಳು' ಎಂದು ಬರೆದೆ. ಪ್ರೊಫೆಸರು ಕನ್ನಡಕ ಏರಿಸಿ ನೋಡಿ, ಯಾರ ಮನೆಗಳು ಎಂದು ಕೇಳಿದರು.

ಅಲ್ಲಿ ಇದ್ದವರದು, ಎಂದೆ.